ಎಂಟರ್ ಕುಟ್ಟೋ ಶೂರರು

ನಿಮ್ಮ ಮನೇಲಿ ಮದುವೆ ಅಲ್ಲೇನ್ರಿ? ಬೆಂಗಳೂರಿನ ಮಗ ತನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿ ಕಳಿಸ್ತಾನೆ. ನೀವು ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡು ರಾಯದುರ್ಗದ ಡಿಟಿಪಿ ಅಂಗಡಿಗೆ ಓಡ್ತೀರಿ. ಅಲ್ಲಿ ಹಳೇ ವಿಂಡೋಸು, ಹಳೇ ನೋಟ್‌ಪ್ಯಾಡು. ತೆರೆದ್ರೆ ವರ, ವಧು, ಸೋದರಮಾವ, ಸುಖಾಗಮನ ಬಯಸುವವರು, ಎಲ್ಲಾ ಒಂದೇ ಸಾಲಲ್ಲಿ! (ಯಾರಿಗೆ ಯಾರು ತಾಳಿ ಕಟ್ತಾರೋ ದೇವರೇ ಬಲ್ಲ.)

ಆಗ ನಿಮ್ಮ ಬಾಯಿಂದ ಬರೋ ಮಾತು ಹೇಳ್ಲಾ? "ಆಂಧ್ರದ ಕಂಪ್ಯೂಟರಿಗೆ ಕನ್ನಡ ಎಲ್ಲಿ ಬರ್ಬೇಕು!" 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರದ ಪಾಲಾಯ್ತಲ್ಲ, ಅವತ್ತಿಂದ ಏನು ಕೆಟ್ರೂ ಗಡಿ ತಲೆಗೆ ಕಟ್ಟೋದು ನಿಮಗೆ ರೂಢಿ. ತೆಲುಗಲ್ಲಿ ಬರೆದಿದ್ರೂ ಹಿಂಗೇ ಆಗ್ತಿತ್ತು ಕಣ್ರೀ! (ಅಕ್ಷರಗಳೇ ಕಾಗೆಕಾಲು ಗುಬ್ಬಿಕಾಲಾದ್ರೆ ಅದು ನುಡಿ-ಯೂನಿಕೋಡ್ ಜಗಳ. ಆ ಪಂಚಾಯ್ತಿ ಬೇರೆ.)

ಅಸಲು ಕಿತಾಪತಿ ಹಳೇ ಟೆಲಿಪ್ರಿಂಟರಿಂದು. ಸಾಲು ಮುಗಿದ್ರೆ ಅದಕ್ಕೆ ಎರಡು ಕೆಲಸ: ಅಚ್ಚೊತ್ತೋ ತಲೆ ಎಡಕ್ಕೆ ವಾಪಸ್ ಬರ್ಬೇಕು, ಕಾಗದ ಒಂದು ಸಾಲು ಮೇಲೇರ್ಬೇಕು. ಮೊದಲನೇದಕ್ಕೆ ಸಂಕೇತ 13, ಎರಡನೇದಕ್ಕೆ 10. ವಿಂಡೋಸು ಎರಡನ್ನೂ ಇಟ್ಕೊಂತು, ಲಿನಕ್ಸಿಗೆ 10 ಒಂದೇ ಸಾಕಾಯ್ತು. ಹಳೇ ಮ್ಯಾಕಿಂತೋಷ್ ಇನ್ನೂ ಮೊಂಡು, ಬರೀ 13. ಹಳೇ ನೋಟ್‌ಪ್ಯಾಡಿಗೆ ಜೋಡಿ ಕಾಣದಿದ್ರೆ ಸಾಲು ಮುಗಿದದ್ದೇ ತಿಳಿಯಲ್ಲ. ಆ ಬುದ್ಧಿ ಬಂದದ್ದು 2018ರಲ್ಲಿ, ವಿಂಡೋಸ್ 10ಕ್ಕೆ!

ಸರಿ, ನೀವೇನು ಮಾಡ್ತೀರಿ? ಕುರ್ಚಿ ಎಳ್ಕೊಂಡು ಎಂಟರ್ ಕುಟ್ಟೋಕೆ ಶುರು. ಒಂದೊಂದು ಹೆಸರಿಗೂ ಒಂದೊಂದು ಏಟು. ಜೀನ್ಸ್ ಹೊಲಿಯೋ ಊರಿನೋರು ನೀವು, ರಾಶಿ ಪ್ಯಾಂಟಿಗೆ ಕೈಸೂಜಿ ಹಿಡೀತೀರಾ? ಅಂಗಡಿ ಹುಡುಗನ್ನ ಕೇಳೋಕೆ ಮಾತ್ರ ನಾಚ್ಕೆ. (ನಿಮ್ಮ ಮಗನ ವಯಸ್ಸಿನೋನು, ಅದೇ ಸಂಕಟ.)

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಂತೈತೆ, ಬಿಟ್ಟಿ ಸಿಗ್ತೈತೆ. 'ಎಡಿಟ್' ಒಳಗೆ 'ಇಒಎಲ್ ಕನ್ವರ್ಷನ್', ಅದರೊಳಗೆ ವಿಂಡೋಸ್ ಒತ್ರಿ, ಸೇವ್ ಮಾಡ್ರಿ. ಮುಗೀತು. ಲಿನಕ್ಸಲ್ಲಿರೋ ಮಗನಾದ್ರೆ 'ಯುನಿಕ್ಸ್‌ಟುಡಾಸ್' ಓಡಿಸಿ ಕಳಿಸಿದ್ರಾಯ್ತು.

ವಾಪಸ್ ಹೋಗೋ ಫೈಲಿಗೂ ಇದೇ ಗ್ರಹಚಾರ. ನೀವು ವಿಂಡೋಸಲ್ಲಿ ಮಾಡಿದ ನೆಂಟರ ಪಟ್ಟೀನ ಮಗ ಲಿನಕ್ಸಲ್ಲಿ ತನ್ನ ಪಟ್ಟಿ ಜೊತೆ ತಾಳೆ ನೋಡಿದ್ರೆ, ಒಂದೇ ಹೆಸರು ಎರಡೂ ಕಡೆ ಇದ್ರೂ ಹೊಂದಿಕೆ ಆಗಲ್ಲ. ನಿಮ್ಮ ಸಾಲಿನ ತುದೀಲಿ 13 ಕಣ್ಣಿಗೆ ಬೀಳದಂಗೆ ಕೂತಿರ್ತೈತೆ. ಅವನು 'ಡಾಸ್‌ಟುಯುನಿಕ್ಸ್' ಓಡಿಸ್ಬೇಕು. ನೀವು ಮಾತ್ರ ಆಗ್ಲೇ "ಅತ್ತೆ ಕಡೆಯೋರ ಹೆಸರು ಬೇಕಂತ ಬಿಟ್ಟಾನೆ" ಅಂತ ಮನೇಲಿ ರಾಮಾಯಣ ಎಬ್ಬಿಸಿರ್ತೀರಿ!

ಸಾಲು ಕೂತ್ಕೊಂತಾ? ಅಚ್ಚಿಗೆ ಕೊಡೋಕೆ ಮುಂಚೆ ಬೀಗರ ವಿಳಾಸ ಓದ್ರಿ. ಮಡಕಶಿರಾ ಮುಂದೆ 'ಅನಂತಪುರ ಜಿಲ್ಲೆ' ಅಂತೈತಲ್ಲೇನು? 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ. ಅದಕ್ಕೆ ಯಾವ ಕನ್ವರ್ಷನ್ನೂ ಇಲ್ಲ, ನೀವೇ ಕುಟ್ರಿ.