ಚೆಂಡೆಯ ಪೆಟ್ಟು ಮಸುಕಾಗಬಾರದು

ಶೆಟ್ರೇ, ಆ ಹುಲ್ಲಿನ ಮೆಷಿನ್ ಒಂದು ಗಳಿಗೆ ಬಂದ್ ಮಾಡಿ ಇತ್ಲಾಗೆ ಬನ್ನಿ. ಈ ಕಲರ್‌ಬಾಂಡ್ ತಗಡಿನ ಬೇಲಿಯ ಆಚೆಯಿಂದ ಕೂಗಿದರೆ ಅರ್ಧ ಮಾತು ಕೇಳೋದಿಲ್ಲ. ಊರಿಂದ ತಂದ ತಾಳಮದ್ದಳೆಯ ವಿಡಿಯೊವನ್ನು ಎಂಪಿ3 ಮಾಡ್ಲಿಕ್ಕೆ ಹೊರಟಿದ್ದೀರಂತೆ, ಮಗಳು ಹೇಳಿದಳು. ಸ್ವಲ್ಪ ತಡೀರಿ ಮಾರಾಯ್ರೇ.

ಚಿತ್ರ ಬೇಡ, ಧ್ವನಿ ಸಾಕು ಅನ್ನೋದು ಸರಿಯೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಕೂತವರ ಅರ್ಥ, ಚೆಂಡೆ, ಮದ್ದಳೆ, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಬರೀ ಕ್ಯಾಸೆಟ್ಟಿನಲ್ಲಿ ಕೇಳಿದ್ದು! ಮುಖ ಕಾಣಲಿಲ್ಲ ಅಂತ ಯಾರಿಗೂ ಏನೂ ಕಮ್ಮಿ ಆಗಲಿಲ್ಲ. ಇಲ್ಲಿ ಇಪ್ಸ್‌ವಿಚ್‌ನಿಂದ ಬ್ರಿಸ್ಬೇನ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಹೋಗ್ತಾ ಪೀಠಿಕೆ, ಬರ್ತಾ ಸಂವಾದ ಕೇಳಬಹುದು.

ಆದರೆ ಎಂಪಿ3 ಮಾಡಬೇಡಿ. ಫೋನಿನ ವಿಡಿಯೊ ಒಂದೇ ಫೈಲಿನ ಹಾಗೆ ಕಂಡರೂ ಒಳಗೆ ಚಿತ್ರದ ಟ್ರ್ಯಾಕ್ ಬೇರೆ, ಧ್ವನಿಯ ಟ್ರ್ಯಾಕ್ ಬೇರೆ ಉಂಟು. ಆ ಧ್ವನಿ ಸಾಮಾನ್ಯವಾಗಿ ಎಎಸಿ ಅನ್ನೋ ಬಗೆಯದು. ಕಿವಿಗೆ ಗೊತ್ತಾಗದು ಅಂತ ರೆಕಾರ್ಡ್ ಆಗುವಾಗಲೇ ಒಂದಷ್ಟನ್ನು ಬಿಟ್ಟಾಗಿದೆ. ಎಂಪಿ3 ಮಾಡುವಾಗ ಇನ್ನಷ್ಟು ಹೋಗ್ತದೆ. ಹಲಸಿನ ಸೊಳೆ ಬಿಡಿಸೋದು ಬೇರೆ, ಸೊಳೆ ಅರೆದು ಹಪ್ಪಳ ತಟ್ಟೋದು ಬೇರೆ. ಹಪ್ಪಳದಿಂದ ಮತ್ತೆ ಸೊಳೆ ಬರ್ತದಾ? ಸೆಕೆಂಡಿಗೆ 320 ಕಿಲೋಬಿಟ್‌ಗೆ ಏರಿಸಿದರೂ ಅಷ್ಟೇ, ಫೈಲು ದಪ್ಪ ಆಗ್ತದೆ, ಹೋದದ್ದು ಬರೋದಿಲ್ಲ.

ಮೊದಲು ಕೆಡೋದೇ ಚೆಂಡೆ. ಫೈಲು ಕುಗ್ಗಿಸುವ ಲೆಕ್ಕಾಚಾರ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು ನಡೀತದೆ. ಸದ್ದಿಲ್ಲದ ಕಡೆ ಥಟ್ಟನೆ ಪೆಟ್ಟು ಬಿದ್ದರೆ, ಲೆಕ್ಕದ ತಪ್ಪು ಆ ಇಡೀ ತುಂಡಿಗೆ ಹರಡಿ, ಪೆಟ್ಟಿಗೂ ಮೊದಲೇ ಒಂದು ಮಸುಕು ಸದ್ದು ಕೇಳ್ತದೆ. ಪ್ರೀ-ಎಕೋ ಅಂತಾರೆ ಅದಕ್ಕೆ. ಕ್ಯಾಸ್ಟನೆಟ್ ಅನ್ನೋ ಸ್ಪೇನಿನ ಚಿಟಿಕೆ ವಾದ್ಯ ಈ ತೊಂದರೆ ಹಿಡಿಯೋ ಪರೀಕ್ಷೆಗೆ ಹೆಸರಾದದ್ದು. ನನ್ನ ಕೇಳಿದರೆ ತೆಂಕುತಿಟ್ಟು ಯಕ್ಷಗಾನದ ಚೆಂಡೆಯನ್ನೂ ಇಡಬೇಕಿತ್ತು. ಪದ ಮುಗಿಯುವಾಗ ಬೀಳುವ ಆ ಪೆಟ್ಟು ಮಸುಕಾದರೆ ಉಳಿಯೋದೇನು?

ಎಫ್‌ಎಫ್‌ಎಂಪೆಗ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ್ದು. ಚಿತ್ರ ಬಿಡು, ಧ್ವನಿಯನ್ನು ಇದ್ದ ಹಾಗೇ ಕಾಪಿ ಮಾಡು ಅಂತ ಅದಕ್ಕೆ ಒಂದು ಸಾಲು ಬರೆದರೆ ಆಯ್ತು. ಆ ಕಾಪಿ ಅನ್ನೋ ಮಾತು ಬಿಟ್ಟಿರೋ, ಕೇಳದೇ ಮತ್ತೆ ಅರೆದುಬಿಡ್ತದೆ. ಟೈಪ್ ಮಾಡ್ಲಿಕ್ಕೆ ಬೇಜಾರಾದರೆ ಲಾಸ್‌ಲೆಸ್‌ಕಟ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಒತ್ತಿದರೆ ಸಾಕು. ಫೈಲಿನ ಹೆಸರಿನ ಕೊನೆಗೆ ಎಂ4ಎ ಅಂತಿರಲಿ. ಧ್ವನಿ 128 ಕಿಲೋಬಿಟ್ ಇದ್ದರೆ ಗಂಟೆಗೆ 60 ಎಂಬಿಯೂ ಆಗೋದಿಲ್ಲ.

ನಿಮ್ಮ ಹಳೇ ಡಿವಿಡಿಗಳ ಸಂಗತಿ ಬೇರೆ. ಅದರಲ್ಲಿ ಹೆಚ್ಚಾಗಿ ಎಸಿ-3 ಅನ್ನೋ ಬಗೆಯ ಧ್ವನಿ ಇರ್ತದೆ. ಅದನ್ನು ಎಂಕೆಎ ಫೈಲಿಗೆ ಹಾಕಿ. ಯಾವುದು ಅಂತ ಗೊತ್ತಾಗದಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಕೊಡೆಕ್ ಮಾಹಿತಿ ನೋಡಿ.

ಕಾರಿನ ಪ್ಲೇಯರು ಎಂಪಿ3 ಬಿಟ್ಟು ಬೇರೆ ಹಾಡೋದಿಲ್ಲವಾ? ಕಾರಿಗೆ ಅಂತಲೇ ಒಂದು ಬೇರೆ ಪ್ರತಿ ಮಾಡಿ. ಮೂಲ ವಿಡಿಯೊವನ್ನೂ ಅಳಿಸಬೇಡಿ, ಯಾರು ಎಲ್ಲಿ ಕೂತಿದ್ದರು ಅನ್ನೋದು ಅದರಲ್ಲೇ ಇರೋದು.

ಮತ್ತೆ, ಫೈಲಿಗೆ ಬರೀ ‘ಆಡಿಯೊ 1’ ಅಂತ ಹೆಸರಿಡಬೇಡಿ. ಪ್ರಸಂಗ, ಊರು, ವರ್ಷ ಬರೀರಿ. ಅರ್ಥಧಾರಿಗಳ ಹೆಸರನ್ನು ಜನ ಹೇಗೂ ನೆನಪಿಡ್ತಾರೆ. ಭಾಗವತರದ್ದು, ಚೆಂಡೆ-ಮದ್ದಳೆಯವರದ್ದು ಮೊದಲು ಬರೀರಿ.