ಕಾಲ್‌ಶೀಟ್ ಮುಗಿಯದ ವಿಕಟಕವಿ

1565ರಲ್ಲಿ ವಿಜಯನಗರ ಬಿತ್ತು. ಆನೆ, ಕುದುರೆ, ಮುತ್ತು, ರತ್ನ ಎಲ್ಲ ಹೋದವು. ಹಂಪಿಯ ಅರಮನೆಗಳದು ಅಡಿಪಾಯವಷ್ಟೇ ಉಳಿಯಿತು. ಆದರೆ ಆ ಆಸ್ಥಾನದ ಒಬ್ಬನ ನೌಕರಿ ಮಾತ್ರ ಸಿನಿಮಾದಲ್ಲಿ ಇವತ್ತಿಗೂ ಭದ್ರ: ವಿಕಟಕವಿ ತೆನಾಲಿ ರಾಮಕೃಷ್ಣನದು!

1970ರ ‘ಶ್ರೀ ಕೃಷ್ಣದೇವರಾಯ’ ಚಿತ್ರದಲ್ಲಿ ಕಿರೀಟ ರಾಜ್‌ಕುಮಾರ್ ತಲೆಗೆ, ತೆನಾಲಿಯಾಗಿ ನಗಿಸುವ ಹೊಣೆ ನರಸಿಂಹರಾಜು ಹೆಗಲಿಗೆ. ಯಾವುದು ಹೆಚ್ಚು ಭಾರವೋ ನೀವೇ ಹೇಳಿ. 1982ರ ‘ಹಾಸ್ಯರತ್ನ ರಾಮಕೃಷ್ಣ’ದಲ್ಲಿ ವಿಕಟಕವಿಗೆ ಬಡ್ತಿ, ಅನಂತನಾಗ್ ರೂಪದಲ್ಲಿ ಹೀರೋನೇ ಆಗಿಬಿಟ್ಟ. 2014ರ ತಮಿಳು ಚಿತ್ರದಲ್ಲಂತೂ ವಡಿವೇಲು ರಾಜನೂ ತಾನೇ, ತೆನಾಲಿಯೂ ತಾನೇ. ಬೊಕ್ಕಸಕ್ಕೆ ಒಂದು ಸಂಬಳ ಉಳಿತಾಯ!

ನಗಿಸುತ್ತಲೇ ಬಡಿದಾಡುವ ಜಾಕಿ ಚಾನ್ ಕೂಡ 2005ರ ‘ದಿ ಮಿತ್’ಗಾಗಿ ಹಂಪಿಗೆ ಬಂದರು. ಅವರ ನೆಗೆತಕ್ಕೆ ಜಗತ್ತೇ ಬೆರಗಾದೀತು. ಆದರೆ ಇಲ್ಲಿನ ಕಿಷ್ಕಿಂಧೆಯ ಕೋತಿಗಳಿಗೆ ಅದರಲ್ಲಿ ಹೊಸದೇನಿದೆ?

ನಮ್ಮ ಕಂಪ್ಲಿಯ ಕುಮಾರರಾಮನೂ 2006ರಲ್ಲಿ ಶಿವರಾಜ್‌ಕುಮಾರ್ ಆಗಿ ತೆರೆಗೆ ಬಂದ. ಆದರೆ ವೀರರ ಕಷ್ಟವೇ ಬೇರೆ. ಕ್ಲೈಮ್ಯಾಕ್ಸ್‌ನಲ್ಲಿ ತಲೆ ಕೊಟ್ಟ ಮೇಲೆ ಎರಡನೇ ಭಾಗ ತೆಗೆಯುವುದು ಹೇಗೆ? ತೆನಾಲಿಯ ಕಥೆಗಳೆಲ್ಲ ತಲೆ ಉಳಿಸಿಕೊಳ್ಳುವ ಕಥೆಗಳೇ. ನಿರ್ಮಾಪಕರಿಗೆ ಬೇಕಾದದ್ದೂ ಅಂಥವನೇ!