ನೂರಕ್ಕೆ ನೂರಾ ಅರವತ್ತು

"ರೂಪಾಯಿ ಬಿತ್ತು, ರೂಪಾಯಿ ಬಿತ್ತು ಅಂತ ಟೀವಿಯೋರು ದಿನಾ ಬಾಯಿ ಬಡ್ಕೋತಾರಲ್ಲ, ನಮ್ಮ ಜೊತೆ ಇನ್ಯಾರಾದ್ರೂ ಬೀಳ್ತಾರೇನ್ರೀ?" ಅಂದರು ಪಕ್ಕದ ಮನೆ ಮೇಷ್ಟ್ರು, ಕಾಂಪೌಂಡಿನ ಮೇಲೆ ಪೇಪರು ಹರಡಿಕೊಂಡು. ಒಬ್ಬರೇ ಬಿದ್ದರೆ ಅವಮಾನ, ಜೊತೆಗೊಬ್ಬರಿದ್ದರೆ ಸಮಾಧಾನ ಅನ್ನೋ ಲೆಕ್ಕ ಅವರದು.

ನಾನು ಬ್ಯಾಂಕಿನಲ್ಲಿ ನೋಟು ಎಣಿಸಿ ರಿಟೈರಾದವನು. ದುಡ್ಡಿನ ಮಾತು ಬಂದರೆ ಒಲೆ ಮೇಲೆ ಹಾಲು ಉಕ್ಕಿದರೂ ಒಳಗೆ ಹೋಗೋ ಪೈಕಿಯಲ್ಲ.

"ಯಾಕಿಲ್ಲ ಮೇಷ್ಟ್ರೇ? ಭೂತಾನ ಇದೆ. 1974ರಲ್ಲಿ ತನ್ನದೇ ನೋಟು ತಂದಾಗಲೇ ನಮ್ಮ ಒಂದಕ್ಕೆ ಅವರ ಒಂದು ಅಂತ ಮಾಡ್ಕೊಂಡ್ರು. ಅದರಲ್ಲಿ ಕಥೆ ಏನೂ ಇಲ್ಲ. ಕಥೆ ಇರೋದು ನೇಪಾಳದ್ದು. ನಮ್ಮ 100 ರೂಪಾಯಿಗೆ ಅವರ 160. 1993ರ ಫೆಬ್ರವರಿಯಿಂದ ಇದು ಒಂದು ಪೈಸೆ ಅಲ್ಲಾಡಿಲ್ಲ. ಡಾಲರಿಗೆ ಇಲ್ಲಿ 80 ಆದ್ರೆ ಅಲ್ಲಿ 128, ಇಲ್ಲಿ 90 ಆದ್ರೆ ಅಲ್ಲಿ 144. ಗಾಡಿ ಹಿಂದೆ ಕಟ್ಟಿದ ಕರು ಇದ್ದ ಹಾಗೆ. ಗಾಡಿ ಹಳ್ಳಕ್ಕಿಳಿದ್ರೆ ಕರುವೂ ಇಳೀಬೇಕು."

"ಮೊದಲಿಂದಲೂ 160ನೇ ಏನು?"

"ಮೊದಲು ದರ ಹೇಳೋರೇ ಇರಲಿಲ್ಲ. ಕಾಠ್ಮಂಡು ಕಡೆ ಅವರ ನಾಣ್ಯ. ಬಿಹಾರ, ಉತ್ತರ ಪ್ರದೇಶಕ್ಕೆ ಅಂಟಿಕೊಂಡ ತರಾಯಿ ಬಯಲಿನ ಸಂತೆಗಳಲ್ಲಿ ನಮ್ಮ ನೋಟು. ವ್ಯಾಪಾರಸ್ಥರು ಹೇಳಿದ್ದೇ ದರ, ಇವತ್ತೊಂದು, ನಾಳೆ ಇನ್ನೊಂದು. 1956ರಲ್ಲಿ ನೇಪಾಳ ರಾಷ್ಟ್ರ ಬ್ಯಾಂಕ್ ಹುಟ್ಟಿ, 1960ರಲ್ಲಿ 160 ಅಂತ ನಿಗದಿ ಮಾಡ್ತು. ಅಲ್ಲಿಗೆ ಆರು ವರ್ಷ ನೆಮ್ಮದಿ."

"ಆಮೇಲೆ?"

"ಆಮೇಲೆ 1966ರ ಜೂನ್ 6. ಇಂದಿರಾಗಾಂಧಿ ಪ್ರಧಾನಿಯಾಗಿ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ. ಡಾಲರಿಗೆ 4.76 ಇದ್ದ ನಮ್ಮ ರೂಪಾಯಿ ಒಂದೇ ಏಟಿಗೆ 7.50ಕ್ಕೆ ಇಳೀತು. ಅಲ್ಲಿ ರಾಜ ಮಹೇಂದ್ರನ ಕಾಲ. 'ನೀವು ಬಿದ್ರೆ ಬೀಳಿ, ನಾವು ಬೀಳಲ್ಲ' ಅಂದುಬಿಟ್ರು. ಡಾಲರಿನ ಮುಂದೆ ತಮ್ಮ ಬೆಲೆ ಹಾಗೇ ಉಳಿಸಿಕೊಂಡ್ರು. ಪರಿಣಾಮ ಏನಾಯ್ತು ಗೊತ್ತಾ? ನಮ್ಮ 100ಕ್ಕೆ ಅವರ 101 ಚಿಲ್ಲರೆ. ಹೆಚ್ಚುಕಮ್ಮಿ ಸರಿಸಮ!"

"ಭೇಷ್!" ಅಂದರು ಮೇಷ್ಟ್ರು. ಚಿಕ್ಕವರು ದೊಡ್ಡವರೆದುರು ಎದೆಯೆತ್ತಿ ನಿಂತ ಕಥೆ ಅಂದರೆ ಅವರಿಗೆ ಪ್ರಾಣ.

"ಭೇಷ್ ಅನ್ನೋಕೆ ಮುಂಚೆ ಅಲ್ಲಿನ ರೈತನ್ನ ಒಂದು ಮಾತು ಕೇಳಿ. ಅವನ ಭತ್ತ ಕೊಳ್ಳೋನು ಗಡಿಯಾಚೆ ನಮ್ಮವನು. ನಮ್ಮ 100 ರೂಪಾಯಿಗೆ ಮಾರಿದ್ರೆ ಮೊದಲು ಕೈಗೆ 160 ಬರ್ತಿತ್ತು, ಈಗ 101. ಠೀವಿ ರಾಜನದು, ನಷ್ಟ ರೈತನದು. ಒಂದೂವರೆ ವರ್ಷ ತಡ್ಕೊಂಡ್ರು. 1967ರ ಡಿಸೆಂಬರಿನಲ್ಲಿ ತಾವೇ ಇಳಿಸಿ 135 ಮಾಡಿದ್ರು. 1978ಕ್ಕೆ 145, 1985ಕ್ಕೆ 170. ಆಮೇಲೆ ಸ್ವಲ್ಪ ಸ್ವಲ್ಪ ಹಿಂದಕ್ಕೆ ಬಂದು, 168, 165, ಕೊನೆಗೆ 1993ರಲ್ಲಿ ಮತ್ತದೇ 160."

"ಊರೆಲ್ಲಾ ಸುತ್ತಿ ಹಳೇ ಗಂಡನ ಪಾದವೇ ಗತಿ ಅಂದ ಹಾಗಾಯ್ತು."

"ಸುಲಭದ ಲೆಕ್ಕ ಬೇರೆ. ನಮ್ಮ 5ಕ್ಕೆ ಅವರ 8. ಅವರ ಗಡಿಯೂರು ಬೀರ್‌ಗಂಜಿನ ತರಕಾರಿಯವಳಿಗೂ ಬಾಯಲ್ಲೇ ಬರುತ್ತೆ. ಗಡಿ ಪೇಟೆಯಲ್ಲಿ ಬೆಲೆ ಕೇಳಿದ್ರೆ 'ಐಸಿನೋ ಎನ್‌ಸಿನೋ' ಅನ್ನೋ ಮಾತು ಬಂದೇ ಬರುತ್ತೆ. ಇಂಡಿಯನ್ ಕರೆನ್ಸಿ, ನೇಪಾಳಿ ಕರೆನ್ಸಿ ಅಂತ."

"ನಮ್ಮವಳು ಪಶುಪತಿನಾಥನ ದರ್ಶನ ಆಗ್ಬೇಕು ಅಂತಿದ್ಲು. ಅಲ್ಲಿ ಪೂಜೆ ಮಾಡೋರು ನಮ್ಮ ಕರ್ನಾಟಕದ ಭಟ್ಟರೇ ಅಂತಲ್ಲ. ದಕ್ಷಿಣೆಗೆ ಐಸಿ ಆಗುತ್ತೋ?"

"ಭಟ್ಟರು ಏನಂತಾರೋ, ಅಂಗಡಿಯವರಂತೂ ಬೇಡ ಅನ್ನಲ್ಲ. ಆದ್ರೆ ದರ ಗಟ್ಟಿಯಿದ್ರೆ ನೋಟೂ ಗಟ್ಟಿ ಅಂತ ತಿಳೀಬೇಡಿ. 2016ರ ನವೆಂಬರಿನಲ್ಲಿ ನಾವು 500, 1000ದ ನೋಟು ರದ್ದು ಮಾಡಿದ್ವಲ್ಲ, ಆಗ ಅಲ್ಲಿ ಮಡಕೆಯಲ್ಲಿ, ಟ್ರಂಕಿನಲ್ಲಿ ಕೂಡಿಟ್ಟಿದ್ದ ನಮ್ಮ ನೋಟು ಕಾಗದವಾಗಿ ಕೂತ್ವು. 2018ರ ಡಿಸೆಂಬರಿನಲ್ಲಿ ಅವರೂ 100ಕ್ಕಿಂತ ದೊಡ್ಡ ಭಾರತದ ನೋಟು ನಮ್ಮಲ್ಲಿ ನಡೆಯಲ್ಲ ಅಂದ್ರು. ಬಿಸಿ ತಾಗಿದವರ ಮಾತು."

ಮೇಷ್ಟ್ರು ಪೇಪರು ಮಡಚಿದರು. "ಅಲ್ರೀ, ಇಷ್ಟೆಲ್ಲ ಯಾಕೆ? ಬಿಡಿಸಿಕೊಂಡು ಹೋಗಬಾರದಾ?"

"ಹೋಗೋದು ಎಲ್ಲಿಗೆ? ಮೂರು ದಿಕ್ಕಿಗೂ ನಾವೇ, ಉತ್ತರಕ್ಕೆ ಹಿಮಾಲಯ. ಗಡಿಯಲ್ಲಿ ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಅವರು ಕೊಳ್ಳೋದರಲ್ಲಿ ಬಹುಪಾಲು ನಮ್ಮದೇ ಸಾಮಾನು, ಮಾರೋದು ಅದರ ಮುಂದೆ ತೀರಾ ಕಮ್ಮಿ. ಆ ಕೊರತೆಗೆ ನಮ್ಮ ರೂಪಾಯಿ ಬೇಕು. ರಾಷ್ಟ್ರ ಬ್ಯಾಂಕು ಡಾಲರು ಮಾರಿ ಅದನ್ನ ಕೊಳ್ಳುತ್ತೆ. ಡಾಲರು ಎಲ್ಲಿಂದ? ಕತಾರು, ಮಲೇಷ್ಯಾ, ಸೌದಿಯಲ್ಲಿ ದುಡಿಯೋ ಹುಡುಗರು ಕಳಿಸಿದ್ದು. ದೋಹಾದ ಬಿಸಿಲಲ್ಲಿ ಸುರಿಸಿದ ಬೆವರು ನಮ್ಮ ಡೀಸೆಲ್ಲಾಗಿ, ಅಕ್ಕಿಯಾಗಿ ಅವರ ಮನೆ ಸೇರುತ್ತೆ. 160 ಅನ್ನೋ ಅಂಕಿ ನಿಂತಿರೋದು ಆ ಹುಡುಗರ ಭುಜದ ಮೇಲೆ."

"ಅಂದ್ರೆ ಕಟ್ಟಿ ಹಾಕಿರೋದು ನಾವು, ದುಡ್ಡು ಸುರಿಯೋರು ಅವರು."

"ಕಟ್ಟಿಕೊಂಡಿದ್ದೂ ಅವರೇ. ನಮ್ಮ ರಿಸರ್ವ್ ಬ್ಯಾಂಕು ಮಾಡೋ ಸರಿ ತಪ್ಪು ಎರಡರಲ್ಲೂ ಅವರಿಗೆ ಪಾಲು, ಆದ್ರೆ ಅಲ್ಲಿ ಕೂತು ಮಾತಾಡೋಕೆ ಅವರಿಗೊಂದು ಕುರ್ಚಿ ಇಲ್ಲ. ಅದು ನಷ್ಟ. ಲಾಭ ಬೇಕಂದ್ರೆ ನಮ್ಮ ಬೀದಿ ಕೊನೆ ಅಪಾರ್ಟ್‌ಮೆಂಟಿನ ನೇಪಾಳಿ ವಾಚ್‌ಮನ್ನನ್ನ ನೋಡಿ. ಅಮೆರಿಕದಲ್ಲಿರೋ ನಿಮ್ಮ ಮಗ ದುಡ್ಡು ಕಳಿಸೋ ಮುಂಚೆ ನಾಲ್ಕು ಸಲ ದರ ನೋಡ್ತಾನೆ, ಇವತ್ತಾ ನಾಳೆಯಾ ಅಂತ ಯೋಚನೆ ಮಾಡ್ತಾನೆ. ಈತನಿಗೆ ಆ ತಲೆನೋವೇ ಇಲ್ಲ. ಇಲ್ಲಿಂದ 10,000 ಕಳಿಸಿದ್ರೆ ಅಲ್ಲಿ ಲೆಕ್ಕಕ್ಕೆ 16,000. ಅವನ ಅಪ್ಪ ಕಳಿಸ್ತಿದ್ದಾಗಲೂ ಅಷ್ಟೇ."

"ಹಾಗಾದ್ರೆ ಬದಲಾಯಿಸಬೇಕೋ ಬೇಡವೋ? ಒಂದು ಹೇಳಿ."

"ಅಲ್ಲಿನ ಅರ್ಥಶಾಸ್ತ್ರದೋರೂ ಇದನ್ನೇ ಚರ್ಚೆ ಮಾಡ್ತಾರೆ. ಆದ್ರೆ ಸರ್ಕಾರದೋರು ಜೋರಾಗಿ ಮಾತಾಡೋ ಹಾಗಿಲ್ಲ. 160 ಹೋಗಿ 180 ಆಗುತ್ತಂತೆ ಅಂತ ಒಬ್ಬ ಮಂತ್ರಿ ಕೆಮ್ಮಿದ್ರೂ ಸಾಕು, ಸಂಜೆಯೊಳಗೆ ಬೀರ್‌ಗಂಜಿನ ಗಲ್ಲಾಪೆಟ್ಟಿಗೆಗಳಿಂದ ಐಸಿ ಮಾಯ. ದರ ಏರೋ ತನಕ ಯಾರೂ ಬಿಚ್ಚಲ್ಲ."

ಮೇಷ್ಟ್ರು ಬೀದಿ ಕೊನೆಯ ಗೇಟಿನ ಕಡೆ ಕಣ್ಣು ಹಾಯಿಸಿದರು. "ಸ್ವಲ್ಪ ಮೆತ್ತಗೆ ಮಾತಾಡ್ರೀ. ಅವನು ಕೇಳಿಸಿಕೊಂಡು ಈ ತಿಂಗಳ ದುಡ್ಡು ಕಳಿಸದೆ ಕೂತರೆ, ಅವನ ಹೆಂಡತಿಗೆ ನೀವು ಉತ್ತರ ಹೇಳ್ತೀರಾ?"